ಕಲ್ಲು ಸಂದಿನ ಲೂಯಿಸಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್‌ನಲ್ಲಿ. ಮುಂಬಾಗಿಲ ಪಕ್ಕದಲ್ಲೇ ಒಂದು ಸಣ್ಣ ಕಲ್ಲುತೋಟ ಇದೆ. ಏಪ್ರಿಲ್ ಕೊನೆಯಿಂದ ಜೂನ್ ತನಕ ಅಲ್ಲಿ ಲೂಯಿಸಿಯಾ ಹೂ ಬಿಡುತ್ತದೆ. ಆಗ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಶುರು ಮಾಡುತ್ತಾರೆ. ಗಿಡದ ಮರಿ ತೆಗೆದುಕೊಂಡು ಹೋದವರು ಆಮೇಲೆ ಫೋಟೋ ಕಳಿಸಿ ಕೇಳುತ್ತಾರೆ. ಊರಿನವರು ವಿಡಿಯೋ ಕಾಲ್‌ನಲ್ಲಿ ಕೇಳುತ್ತಾರೆ. ಹತ್ತು ವರ್ಷದಲ್ಲಿ ಸುಮಾರಾಗಿ ಅವೇ ಪ್ರಶ್ನೆಗಳು. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಬರೆದಿಟ್ಟಿದ್ದೇನೆ.

## ಮೊದಲ ಪರಿಚಯ

ಇದು ಯಾವ ಹೂವು? ನಮ್ಮ ಟೇಬಲ್ ರೋಸ್ ಥರ ಇದೆಯಲ್ಲ!

ನಿಮ್ಮ ಕಣ್ಣು ಚುರುಕಾಗಿದೆ. ಟೇಬಲ್ ರೋಸ್, ಗೋಣಿ ಸೊಪ್ಪು, ಲೂಯಿಸಿಯಾ ಮೂರನ್ನೂ ಸಸ್ಯಶಾಸ್ತ್ರದವರು ಬಹಳ ಕಾಲ ಒಂದೇ ಕುಟುಂಬದಲ್ಲಿ ಇಟ್ಟಿದ್ದರು. 2009ರ ಹೊಸ ವರ್ಗೀಕರಣದಲ್ಲಿ ಲೂಯಿಸಿಯಾವನ್ನು ಬೇರೆ ಮನೆಗೆ ಕಳಿಸಿದರು. ಆ ಕುಟುಂಬದ ಹೆಸರು ಮಾಂಟಿಯೇಸಿ. ಆದರೂ ನೆಂಟಸ್ತಿಕೆ ಮುಖದಲ್ಲೇ ಕಾಣುತ್ತದೆ. ಅದೇ ದಪ್ಪ ನೀರೆಲೆ, ಅದೇ ರೇಷ್ಮೆಯಂಥ ಎಸಳು.

ನಾನು ಬೆಳೆಸುವುದು ಲೂಯಿಸಿಯಾ ಕಾಟಿಲೀಡನ್ ಅನ್ನುವ ಜಾತಿ. ಎಲೆಗಳು ನೆಲಕ್ಕೆ ಅಂಟಿದ ಚಕ್ರದ ಹಾಗೆ ಇರುತ್ತವೆ, ವರ್ಷವಿಡೀ ಹಸಿರು. ಅದರ ನಡುವಿನಿಂದ ಒಂದು ಗೇಣು ಎತ್ತರದ ಹೂಕಾಂಡಗಳು ಏಳುತ್ತವೆ. ಕಾಡಿನ ಗಿಡದಲ್ಲಿ ಹೆಚ್ಚಾಗಿ ಗುಲಾಬಿ ಬಣ್ಣ, ಎಸಳಿನ ಮೇಲೆ ಗಾಢ ಗೀರು. ತೋಟದ ಮಿಶ್ರತಳಿಗಳಲ್ಲಿ ಬಿಳಿ, ಹಳದಿ, ಕಿತ್ತಳೆ, ಕಡುಗೆಂಪು ಎಲ್ಲ ಇವೆ. ಟೇಬಲ್ ರೋಸ್ ಚಳಿ ಬಂದರೆ ಮುಗಿಯಿತು. ಇದು ವರ್ಷಾನುಗಟ್ಟಲೆ ಬಾಳುವ ಗಿಡ. ನನ್ನ ಅತಿ ಹಳೆಯದಕ್ಕೆ ಈಗ ಒಂಬತ್ತು ವರ್ಷ.

ಆಲ್ಪೈನ್ ಗಿಡ ಅಂದ್ರೆ ಆಲ್ಪ್ಸ್ ಪರ್ವತದ್ದಾ?

ಹೆಸರು ಅಲ್ಲಿಂದ ಬಂದದ್ದು. ಆದರೆ ತೋಟದವರು ಬೆಟ್ಟದ ಮೇಲಿನ ಕುಳ್ಳ ಗಿಡಗಳಿಗೆಲ್ಲ ಆಲ್ಪೈನ್ ಅಂತಲೇ ಕರೆಯುತ್ತಾರೆ. ಈ ಲೂಯಿಸಿಯಾದ ತವರು ಸಿಸ್ಕಿಯು ಮತ್ತು ಕ್ಲಾಮತ್ ಬೆಟ್ಟಗಳು, ಆರೆಗಾನ್ ಮತ್ತು ಕ್ಯಾಲಿಫೋರ್ನಿಯಾ ಸೇರುವ ಕಡೆ. ನಮ್ಮ ಮನೆಯಿಂದ ದಕ್ಷಿಣಕ್ಕೆ ಕಾರಿನಲ್ಲಿ ನಾಲ್ಕೈದು ಗಂಟೆ ದಾರಿ.

ಒಂದು ಸಲ ಹೋಗಿ ನೋಡಿ ಬಂದೆ. ಹೊಳೆ ಪಕ್ಕ ಉತ್ತರಕ್ಕೆ ಮುಖ ಮಾಡಿದ ಬಂಡೆ, ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಅದರ ಬಿರುಕಿನಲ್ಲಿ ಈ ಗಿಡಗಳು ನೇತಾಡುತ್ತಿವೆ. ಒಂದು ಹಿಡಿ ಮಣ್ಣು ಕೂಡ ಕಾಣಲಿಲ್ಲ. ಅಲ್ಲಿಯವರೆಗೆ ನಾನು ಮೂರು ಗಿಡ ಕೊಂದಿದ್ದೆ. ಯಾಕೆ ಸತ್ತವು ಅಂತ ಆ ಬಂಡೆ ನೋಡಿದ ಮೇಲೆ ಅರ್ಥ ಆಯಿತು. ಅಲ್ಲಿ ಮಳೆ ಬಿದ್ದರೆ ಎಲೆಯಿಂದ ಜಾರಿ ಕೆಳಗೆ ಹೋಗುತ್ತದೆ, ಬುಡದಲ್ಲಿ ಒಂದು ಹನಿಯೂ ನಿಲ್ಲುವುದಿಲ್ಲ.

ಲೂಯಿಸಿಯಾ ಅನ್ನೋ ಹೆಸರು ಯಾಕೆ? ಯಾರ ಹೆಸರು ಅದು?

ಮೆರಿವೆದರ್ ಲೂಯಿಸ್. 1804ರಿಂದ 1806ರವರೆಗೆ ಅಮೆರಿಕದ ಪಶ್ಚಿಮ ಕರಾವಳಿಗೆ ದಾರಿ ಹುಡುಕಿಕೊಂಡು ಹೋದ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಮುಖ್ಯಸ್ಥ. ವಾಪಸ್ ಬರುವಾಗ, 1806ರ ಬೇಸಿಗೆಯಲ್ಲಿ, ಈಗಿನ ಮೊಂಟಾನಾದಲ್ಲಿ ಅವನು ಒಂದು ಗಿಡ ಕಿತ್ತು, ಒಣಗಿಸಿ, ಕಾಗದದ ನಡುವೆ ಇಟ್ಟುಕೊಂಡ. ತಿಂಗಳುಗಟ್ಟಲೆ ಹಾಗೇ ಇದ್ದು, ಫಿಲಡೆಲ್ಫಿಯಾ ಸೇರಿ, ಅಲ್ಲಿ ಮಣ್ಣಿಗೆ ಬಿದ್ದಾಗ ಆ ಒಣ ಬೇರು ಚಿಗುರಿತು! 1814ರಲ್ಲಿ ಫ್ರೆಡರಿಕ್ ಪರ್ಶ್ ಅನ್ನುವ ಸಸ್ಯಶಾಸ್ತ್ರಜ್ಞ ಅದಕ್ಕೆ ಲೂಯಿಸಿಯಾ ರೆಡಿವೈವಾ ಅಂತ ಹೆಸರಿಟ್ಟ. ರೆಡಿವೈವಾ ಅಂದರೆ ಮತ್ತೆ ಜೀವ ಬಂದದ್ದು. 1895ರಿಂದ ಅದು ಮೊಂಟಾನಾದ ರಾಜ್ಯಪುಷ್ಪ.

ನನ್ನ ಗಿಡ ಅದರ ತಂಗಿ ಅನ್ನಿ. ಈ ಕಥೆಯನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಗಿಡದ ಸ್ವಭಾವ ಪೂರ್ತಿ ಅದರಲ್ಲೇ ಇದೆ. ತಿಂಗಳುಗಟ್ಟಲೆ ನೀರಿಲ್ಲದೆ ಬದುಕುತ್ತದೆ. ಹದಿನೈದು ದಿನ ಕೆಸರಿನಲ್ಲಿಟ್ಟರೆ ಸಾಯುತ್ತದೆ.

ಇಲ್ಲಿಯ ಚಳಿಗೆ ಸಾಯಲ್ವಾ?

ಇಲ್ಲ. ಬುಡ ಒಣಗಿದ್ದರೆ ಮೈನಸ್ 20 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ. 2024ರ ಜನವರಿಯಲ್ಲಿ ಇಲ್ಲಿ ಹಿಮಗಾಳಿ ಬೀಸಿ ಊರಿಗೆ ಊರೇ ಗಾಜಿನ ಪದರ ಹೊದ್ದುಕೊಂಡಿತ್ತು. ನಮ್ಮ ಮನೆಯ ಕರೆಂಟ್ ಹೋಯಿತು, ನಲ್ಲಿ ಹೆಪ್ಪುಗಟ್ಟಿತು. ಲೂಯಿಸಿಯಾಗೆ ಏನೂ ಆಗಲಿಲ್ಲ.

ಇದನ್ನು ಕೊಲ್ಲುವುದು ಚಳಿಗಾಲದ ನೀರು. ಪೋರ್ಟ್‌ಲ್ಯಾಂಡ್‌ನಲ್ಲೂ ಬೆಂಗಳೂರಿನಲ್ಲೂ ವರ್ಷದ ಮಳೆ ಹತ್ತಿರ ಹತ್ತಿರ ಒಂದೇ, 900ರಿಂದ 1000 ಮಿಲಿಮೀಟರ್. ಆದರೆ ಬೆಂಗಳೂರಲ್ಲಿ ಜೋರಾಗಿ ಸುರಿದು ನಿಲ್ಲುತ್ತದೆ. ಇಲ್ಲಿ ಅಕ್ಟೋಬರ್‌ನಿಂದ ಮೇ ತನಕ ಜಿಟಿಜಿಟಿ. ಬಿಸಿಲಿಲ್ಲ, ಮಣ್ಣು ಆರುವುದೇ ಇಲ್ಲ. ಎಲೆಚಕ್ರ ಮತ್ತು ಬೇರು ಸೇರುವ ಜಾಗಕ್ಕೆ ನಾನು ಕುತ್ತಿಗೆ ಅನ್ನುತ್ತೇನೆ. ಅಲ್ಲಿ ನೀರು ನಿಂತರೆ ಕೊಳೆತ. ಕೆಳಗೆ ನಾನು ಹೇಳುವುದೆಲ್ಲ ಈ ಕುತ್ತಿಗೆ ಕಾಯುವ ಉಪಾಯಗಳೇ.

ಬೆಂಗಳೂರಲ್ಲಿ ಬೆಳೀಬಹುದಾ? ಊಟಿ, ಕೊಡಗು?

ಬೇಡ. ಬೆಂಗಳೂರಿನ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸು ಇರುತ್ತದೆ. ಈ ಗಿಡಕ್ಕೆ ಅದು ಚಳಿಯೇ ಅಲ್ಲ. ಬೀಜ ಮೊಳೆಯಬೇಕಾದರೂ ವಾರಗಟ್ಟಲೆ ಒಳ್ಳೆ ಚಳಿ ಬೇಕು. ಊಟಿಯಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಸಿಗುತ್ತದೆ ನಿಜ, ಆದರೆ ಜೂನ್ ಬಂದರೆ ಮುಂಗಾರು. ಗಿಡ ಒಣಗಿ ನಿದ್ದೆ ಮಾಡಬೇಕಾದ ಹೊತ್ತಿಗೆ ಸರಿಯಾಗಿ ಮಳೆ ಸುರಿಯುತ್ತದೆ. ಕೊಡಗಿನ ಮಳೆಯ ಮಾತಂತೂ ಬಿಡಿ. ಬೀಜವನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಯೋಚನೆಯೂ ಬೇಡ. ಭಾರತಕ್ಕೆ ಬೀಜ ಒಯ್ಯಲು ಅನುಮತಿ ಪತ್ರ, ಸಸ್ಯ ತಪಾಸಣೆ ಪತ್ರ ಎಲ್ಲ ಬೇಕು. ಊರಿನ ಬಿಸಿಲು ತಾರಸಿಗೆ ಟೇಬಲ್ ರೋಸೇ ಚಂದ.

ಗೋಣಿ ಸೊಪ್ಪಿನ ನೆಂಟ ಅಂದ್ರಿ. ಹಾಗಾದ್ರೆ ಹುಳಿ ಮಾಡ್ಬಹುದಾ?

ಈ ಪ್ರಶ್ನೆ ಪ್ರತಿ ವರ್ಷ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಮಾಡಬೇಡಿ, ಗಿಡ ದುಬಾರಿ! ಮೊಂಟಾನಾದ ರೆಡಿವೈವಾದ ಬೇರನ್ನು ಸೇಲಿಶ್, ಕೂಟೆನೈ ಮುಂತಾದ ಮೂಲನಿವಾಸಿಗಳು ಸಿಪ್ಪೆ ತೆಗೆದು, ಒಣಗಿಸಿ, ಬೇಯಿಸಿ ತಿನ್ನುತ್ತಿದ್ದರು. ಅವರಿಗೆ ಅದು ಮುಖ್ಯ ಆಹಾರ. ಲೂಯಿಸ್ ಬಾಯಿಗೆ ಮಾತ್ರ ಕಹಿ ಆಯಿತು. ನಿಮಗೆ ಸೊಪ್ಪೇ ಬೇಕಿದ್ದರೆ ಇದೇ ಕುಟುಂಬದ ಮೈನರ್ಸ್ ಲೆಟಸ್ ಇಲ್ಲಿಯ ತೋಟಗಳಲ್ಲಿ ವಸಂತದಲ್ಲಿ ಕಳೆಯ ಹಾಗೆ ಹುಟ್ಟುತ್ತದೆ. ಅದು ತಿನ್ನುವ ಸೊಪ್ಪೇ.

## ಜಾಗ, ಮಣ್ಣು, ಕಲ್ಲು

ಎಲ್ಲಿ ಸಿಗುತ್ತೆ? ಕೊಳ್ಳುವಾಗ ಏನು ನೋಡ್ಬೇಕು?

ಇಲ್ಲಿಯ ನರ್ಸರಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೂ ಬಿಟ್ಟ ಗಿಡಗಳನ್ನೇ ಮುಂದೆ ಜೋಡಿಸಿರುತ್ತಾರೆ. ಹೂವಿಗೆ ಮರುಳಾಗಬೇಡಿ. ಬೆರಳಿನಿಂದ ಕುತ್ತಿಗೆ ಒತ್ತಿ ನೋಡಿ, ಮೂಲಂಗಿಯ ಹಾಗೆ ಗಟ್ಟಿಯಾಗಿರಬೇಕು. ಕೆಳಗಿನ ಎಲೆಗಳು ಕಂದಾಗಿ ಲೊಳಲೊಳ ಅನ್ನುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ, ಅರ್ಧ ಬೆಲೆಗೆ ಕೊಟ್ಟರೂ ಬೇಡ. ಹೂ ಕಡಿಮೆ ಇದ್ದು ಬುಡ ಗಟ್ಟಿ ಇರುವ ಸಣ್ಣ ಗಿಡ ಒಳ್ಳೆಯದು.

ಅಂಗಡಿ ಕುಂಡದಲ್ಲಿ ಇರುವುದು ಸಾಮಾನ್ಯವಾಗಿ ಕಪ್ಪು ಪೀಟ್ ಮಣ್ಣು, ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ನೆಡುವ ಮೊದಲು ಬಕೆಟ್ ನೀರಿನಲ್ಲಿ ಬೇರು ಮುಳುಗಿಸಿ ಅದನ್ನು ಪೂರ್ತಿ ತೊಳೆದುಬಿಡಿ. ಹೊಸಬರು ಬಿಟ್ಟುಬಿಡುವ ಕೆಲಸ ಇದೇ. ಹೊರಗೆ ಎಷ್ಟೇ ಒಳ್ಳೆ ಜಲ್ಲಿ ಹಾಕಿದರೂ ಒಳಗಿನ ಪೀಟ್ ಉಂಡೆ ಒದ್ದೆಯಾಗೇ ಉಳಿಯುತ್ತದೆ.

ಮಣ್ಣು ಹೇಗೆ ಕಲಸ್ತೀರಿ? ಅಳತೆ ಹೇಳಿ.

ನನ್ನ ಅಳತೆ ಹತ್ತು ಪಾಲಿನ ಲೆಕ್ಕ. ಪ್ಯೂಮಿಸ್ ಐದು ಪಾಲು. ಕೋಳಿಗೆ ಹಾಕುವ ಗ್ರಾನೈಟ್ ಗ್ರಿಟ್, ಅಂದರೆ ಸಣ್ಣ ಕಲ್ಲುಚೂರು, ಎರಡು ಪಾಲು. ದಪ್ಪ ಮರಳು ಒಂದು ಪಾಲು. ಸಾಮಾನ್ಯ ಕುಂಡದ ಮಣ್ಣು ಎರಡು ಪಾಲು. ನೋಡಿದರೆ ಮಣ್ಣಿಗಿಂತ ಮನೆ ಕಟ್ಟುವ ಸಾಮಾನಿನ ಹಾಗೇ ಕಾಣುತ್ತದೆ.

ಪ್ಯೂಮಿಸ್ ಅಂದರೆ ಜ್ವಾಲಾಮುಖಿ ಉಗುಳಿದ ತೂತುತೂತಾದ ಹಗುರ ಕಲ್ಲು. ಆರೆಗಾನ್‌ನಲ್ಲಿ ಅದಕ್ಕೆ ಬರ ಇಲ್ಲ, ಮೂಟೆ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ಅದರ ತೂತುಗಳು ಸ್ವಲ್ಪ ನೀರು ಹಿಡಿದುಕೊಂಡು ಉಳಿದದ್ದನ್ನು ಬಿಟ್ಟುಬಿಡುತ್ತವೆ. ನಿಮ್ಮ ಊರಲ್ಲಿ ಸಿಗದಿದ್ದರೆ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಕಾಳು ಹಾಕಬಹುದು. ಅದು ಮೇಲೆ ತೇಲಿ ಬರುತ್ತದೆ, ನೋಡಲು ಅಂದವಿಲ್ಲ. ಗ್ರಿಟ್ ಕೊಳ್ಳುವಾಗ ಚೀಲದ ಮೇಲೆ ಓದಿ. ಸಿಂಪಿ ಚಿಪ್ಪಿನ ಪುಡಿಯನ್ನೂ ಕೋಳಿಗೆ ಅಂತ ಮಾರುತ್ತಾರೆ. ಅದರಲ್ಲಿ ಸುಣ್ಣ ಇದೆ, ಲೂಯಿಸಿಯಾಗೆ ಸುಣ್ಣ ಆಗುವುದಿಲ್ಲ. ಮರಳು ಕೂಡ ಗಾರೆಗೆ ಜರಡಿ ಹಿಡಿದಂಥ ನುಣ್ಣನೆ ಮರಳಾಗಬಾರದು, ಅದು ಸಂದುಗಳನ್ನೆಲ್ಲ ಮುಚ್ಚುತ್ತದೆ. ಕಾಂಕ್ರೀಟಿಗೆ ಬಳಸುವ ದಪ್ಪ ಮರಳೇ ಬೇಕು.

ಸರಿಯಾಯಿತಾ ಅಂತ ನೋಡಲು ಒಂದು ಚೊಂಬು ನೀರು ಸುರಿಯಿರಿ. ಸುರಿದ ಕೂಡಲೇ ಕೆಳಗೆ ಇಳಿಯಬೇಕು. ಮೇಲೆ ಒಂದು ಕ್ಷಣ ನಿಂತರೂ ಇನ್ನಷ್ಟು ಜಲ್ಲಿ ಹಾಕಿ.

ಕಲ್ಲುತೋಟ ಕಟ್ಟೋದು ಹೇಗೆ? ಸುಮ್ನೆ ಕಲ್ಲು ರಾಶಿ ಹಾಕಿದ್ರೆ ಸಾಲ್ದಾ?

ನಾನೂ ಮೊದಲು ಹಾಗೇ ಮಾಡಿದ್ದೆ. ಮಣ್ಣಿನ ಗುಡ್ಡೆ ಮಾಡಿ ಅಲ್ಲಲ್ಲಿ ಉಂಡೆ ಕಲ್ಲು ಇಟ್ಟೆ. ಪಾಯಸದಲ್ಲಿ ದ್ರಾಕ್ಷಿ ತೇಲಿದ ಹಾಗೆ ಕಾಣುತ್ತಿತ್ತು. ಗಿಡಕ್ಕೂ ಏನೂ ಉಪಯೋಗ ಆಗಲಿಲ್ಲ.

ಈಗ ಇರುವುದು ಸಂದುತೋಟ. ಈ ಪದ್ಧತಿಯನ್ನು ಬೆಳೆಸಿ ಹರಡಿದವರಲ್ಲಿ ಚೆಕ್ ದೇಶದ ತೋಟಗಾರರು ಮುಖ್ಯ. ಚಪ್ಪಟೆ ಕಲ್ಲುಗಳನ್ನು ಮಲಗಿಸುವ ಬದಲು ನಿಲ್ಲಿಸಬೇಕು, ಕಪಾಟಿನಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ. ಎಲ್ಲವೂ ಒಂದೇ ಕಡೆಗೆ ಸ್ವಲ್ಪ ವಾಲಿರಬೇಕು. ನಡುವಿನ ಸಂದು ಎರಡು ಬೆರಳಷ್ಟು. ಬೇರು ಆ ಸಂದಿನಲ್ಲಿ ಆಳಕ್ಕೆ ಇಳಿಯುತ್ತದೆ. ಆಳದಲ್ಲಿ ಬೇಸಿಗೆಯಲ್ಲೂ ತಂಪು ಮತ್ತು ತುಸು ತೇವ ಇರುತ್ತದೆ. ಮೇಲೆ ಕುತ್ತಿಗೆಯ ಸುತ್ತ ಮಾತ್ರ ಬರೀ ಕಲ್ಲು, ಒಣಗಿರುತ್ತದೆ. ಬೇರಿಗೆ ತೇವ, ಕುತ್ತಿಗೆಗೆ ಒಣ ಜಾಗ, ಎರಡೂ ಒಟ್ಟಿಗೆ ಸಿಗಲು ನನಗೆ ಗೊತ್ತಿರುವ ಒಳ್ಳೆ ದಾರಿ ಇದೇ.

ನನ್ನದು ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಎತ್ತರ. ಇಲ್ಲಿಯ ನೆಲ ಜೇಡಿ, ಅಗೆದರೆ ಬಾವಿಯ ಹಾಗೆ ನೀರು ನಿಲ್ಲುತ್ತದೆ. ಹಾಗಾಗಿ ಅಗೆಯದೆ ನೆಲದ ಮೇಲೇ ಕಟ್ಟಿದೆ. ಮೊದಲು ಕಲಸಿದ ಮಣ್ಣನ್ನು ಗುಡ್ಡೆ ಹಾಕಿ. ಅತಿ ದೊಡ್ಡ ಕಲ್ಲನ್ನು ನಡುವೆ ಅಲ್ಲ, ಸ್ವಲ್ಪ ಪಕ್ಕಕ್ಕೆ ನಿಲ್ಲಿಸಿ. ಅದರ ವಾಲು ನೋಡಿಕೊಂಡು ಉಳಿದವನ್ನು ಜೋಡಿಸಿ. ಪ್ರತಿ ಕಲ್ಲಿನ ಮೂರನೇ ಒಂದು ಪಾಲಾದರೂ ಮಣ್ಣಿನ ಒಳಗೆ ಹೋಗಬೇಕು, ಕಾಲಿಟ್ಟು ನಿಂತರೂ ಅಲ್ಲಾಡಬಾರದು. ಸಂದಿಗೆ ಮಣ್ಣು ತುಂಬಿ ಮರದ ಸೌಟಿನ ಹಿಡಿಯಿಂದ ಗುದ್ದಿ. ಪೈಪಿನಲ್ಲಿ ನೀರು ಹಾಯಿಸಿದರೆ ಮಣ್ಣು ಕುಸಿಯುತ್ತದೆ. ಮತ್ತೆ ತುಂಬಿ, ಮತ್ತೆ ಗುದ್ದಿ. ಗಿಡವನ್ನು ಕಲ್ಲು ಜೋಡಿಸುವಾಗಲೇ ಇಟ್ಟುಬಿಟ್ಟರೆ ಬೇರು ಉದ್ದಕ್ಕೆ ಹರಡಲು ಸುಲಭ. ಆಮೇಲೆ ಸಂದಿಗೆ ತುರುಕುವುದು ಸೂಜಿಗೆ ಹಗ್ಗ ಪೋಣಿಸಿದ ಹಾಗೆ.

ಕಲ್ಲು ಒಂದೇ ಜಾತಿಯದಿರಲಿ. ನಾನು ಇಲ್ಲಿಯದೇ ಬಸಾಲ್ಟ್ ಅನ್ನುವ ಕಪ್ಪು ಕಲ್ಲು ತಂದೆ, ಕಲ್ಲಿನ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಟನ್ ಹತ್ತಿರ ಹಿಡಿಯಿತು. ಸುಣ್ಣಕಲ್ಲು ಈ ಗಿಡಕ್ಕೆ ಬೇಡ. ಸೊಂಟ ಜೋಪಾನ. ನನ್ನದು ಎರಡು ವಾರ ಹಿಡಿದುಕೊಂಡಿತ್ತು.

ಗಿಡ ಅಡ್ಡ ಮಲಗಿಸಿ ನೆಟ್ಟಿದ್ದೀರಲ್ಲ, ಬಿದ್ದುಹೋಗಿದ್ಯಾ?

ಬೇಕಂತಲೇ ಹಾಗೆ ನೆಟ್ಟಿದ್ದು. ಎಲೆಚಕ್ರ ಬಟ್ಟಲಿನ ಆಕಾರ. ನೆಟ್ಟಗೆ ಕೂರಿಸಿದರೆ ಮಳೆನೀರು ಅದರಲ್ಲಿ ತುಂಬುತ್ತದೆ. ಬಟ್ಟಲನ್ನು ಓರೆ ಮಾಡಿದರೆ ನೀರು ಚೆಲ್ಲಿಹೋಗುತ್ತದೆ, ಅಷ್ಟೇ. ಸಂದುತೋಟ ಇಲ್ಲದವರು ಮನೆ ಮುಂದಿನ ಗಾರೆ ಇಲ್ಲದ ಕಲ್ಲು ಗೋಡೆಯ ಸಂದಿನಲ್ಲೂ ನೆಡಬಹುದು. ಸಮತಟ್ಟಾದ ಜಾಗವೇ ಇರುವುದಾದರೆ ಕುತ್ತಿಗೆ ನೆಲಕ್ಕಿಂತ ಒಂದು ಇಂಚು ಮೇಲೆ ಇರುವ ಹಾಗೆ ನೆಟ್ಟು, ಆ ಒಂದು ಇಂಚಿಗೆ ಸುತ್ತ ಗ್ರಿಟ್ ತುಂಬಿ. ಎಲೆಯ ಕೆಳಗೂ ಬೆರಳಿನಿಂದ ತಳ್ಳಿ ತುಂಬಬೇಕು.

ಬಿಸಿಲು ಎಷ್ಟು ಬೇಕು?

ಬೆಳಗಿನ ಬಿಸಿಲು ಚೆನ್ನಾಗಿರಲಿ, ಮಧ್ಯಾಹ್ನದ ಮೇಲೆ ನೆರಳು ಬರಲಿ. ನಮ್ಮದು ಪೂರ್ವದ ಗೋಡೆ. 2021ರ ಜೂನ್ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 46 ಡಿಗ್ರಿ ದಾಟಿತ್ತು. ರಾಯಚೂರಲ್ಲೂ ಅಪರೂಪದ ಬಿಸಿಲು ಅದು. ಊಟದ ಮೇಜಿನ ಛತ್ರಿ ತಂದು ಗಿಡಗಳಿಗೆ ಹಿಡಿದೆ, ಅಕ್ಕಪಕ್ಕದವರು ನಕ್ಕರು. ಎಲೆಗಳು ಸುಕ್ಕಾದವು, ಒಂದೆರಡು ಸುಟ್ಟವು, ಆದರೆ ಒಂದೂ ಸಾಯಲಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಬಿಳಿ ಗೋಡೆಯ ಪಕ್ಕ ಮಾತ್ರ ನೆಡಬೇಡಿ. ಪೂರ್ತಿ ನೆರಳಾದರೆ ಹೂ ಬರುವುದಿಲ್ಲ, ಎಲೆ ಉದ್ದುದ್ದ ಜೋಲುತ್ತದೆ.

ನಮ್ದು ಅಪಾರ್ಟ್‌ಮೆಂಟು, ಬಾಲ್ಕನಿ ಮಾತ್ರ ಇದೆ. ಕುಂಡದಲ್ಲಿ ಆಗುತ್ತಾ?

ಚೆನ್ನಾಗಿ ಆಗುತ್ತದೆ. ಮೇಲೆ ಮತ್ತೊಂದು ಬಾಲ್ಕನಿ ಇದ್ದರೆ ಚಳಿಗಾಲದ ಮಳೆಯಿಂದ ತಾನಾಗೇ ರಕ್ಷಣೆ. ಹಾಗೆ ನೋಡಿದರೆ ನನಗಿಂತ ನಿಮಗೇ ಸುಲಭ. ಮಣ್ಣಿನ ಕುಂಡ ಇರಲಿ, ಆಳವಾಗಿರಲಿ, ಬೇರು ಉದ್ದ. ತಳದಲ್ಲಿ ತಟ್ಟೆ ಇಡಬೇಡಿ. ಕುಂಡವನ್ನೇ ಒಂದು ಕಡೆ ಇಟ್ಟಿಗೆ ಚೂರು ಕೊಟ್ಟು ಓರೆ ಮಾಡಿ. ಮನೆ ಒಳಗೆ ಮಾತ್ರ ತರಬೇಡಿ. ಹೀಟರ್ ಬಿಸಿಯಲ್ಲಿ ಚಳಿಗಾಲದ ವಿಶ್ರಾಂತಿ ತಪ್ಪಿದರೆ ಮರುವರ್ಷ ಹೂ ಇಲ್ಲ.

## ವರ್ಷದ ಆರೈಕೆ

ದಿನಾ ನೀರು ಹಾಕ್ಬೇಕಾ?

ನಮ್ಮ ಅಮ್ಮ ಮೈಸೂರಿಂದ ಆರು ತಿಂಗಳಿಗೆ ಬಂದಿದ್ದರು. ಬೆಳಿಗ್ಗೆ ಎದ್ದು ತುಳಸಿಗೆ ನೀರು ಹಾಕುವುದು ಅವರ ಅಭ್ಯಾಸ. ಇಲ್ಲಿ ತುಳಸಿ ಇರಲಿಲ್ಲ. ಪಾಪ, ಲೂಯಿಸಿಯಾಗಳಿಗೆ ಹಾಕಿದರು, ಜುಲೈ ತಿಂಗಳು ಪೂರ್ತಿ, ದಿನಾ ಒಂದೊಂದು ಚೊಂಬು, ನೆತ್ತಿಯ ಮೇಲೆ. ಆಗಸ್ಟ್‌ನಲ್ಲಿ ನಾಲ್ಕು ಗಿಡ ಕೈಗೆ ಬಂದವು, ಬೇರಿಲ್ಲದೆ. ಅಮ್ಮನಿಗೆ ನಾನು ಹೇಳಲಿಲ್ಲ. "ಯಾಕೋ ಇವಕ್ಕೆ ನಿಮ್ಮ ಊರಿನ ನೀರು ಹಿಡಿಸಲಿಲ್ಲ" ಅಂತ ಅವರೇ ಹೇಳಿದರು. ಆಮೇಲೆ ಒಂದು ತುಳಸಿ ತಂದುಕೊಟ್ಟೆ.

ಈಗ ನಾನು ಮಾಡುವುದು ಇಷ್ಟು. ಮಾರ್ಚ್‌ನಿಂದ ಹೂ ಮುಗಿಯುವವರೆಗೆ ಗಿಡ ಬೆಳೆಯುವ ಕಾಲ. ಮಳೆ ಇಲ್ಲದಿದ್ದರೆ ವಾರಕ್ಕೊಮ್ಮೆ ಚೆನ್ನಾಗಿ ನೀರು. ಹೂ ಮುಗಿದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಗಿಡಕ್ಕೆ ಅರೆನಿದ್ದೆ. ಸಂದಿನ ಗಿಡಕ್ಕೆ ಎರಡು ವಾರಕ್ಕೊಮ್ಮೆ ಸಾಕು, ಬೆಳಿಗ್ಗೆ, ಕಲ್ಲಿನ ಮೇಲ್ಭಾಗದಲ್ಲಿ, ಎಲೆಗೆ ತಾಗದ ಹಾಗೆ. ಬಿಸಿಯಾದ ಒದ್ದೆ ಮಣ್ಣು ಬಲು ಅಪಾಯ. ಅಕ್ಟೋಬರ್ ಬಂದ ಮೇಲೆ ನೀರಿನ ಪೈಪ್ ಸುತ್ತಿ ಇಟ್ಟುಬಿಡಿ. ಕುಂಡದ ಗಿಡ ಬೇಗ ಒಣಗುತ್ತದೆ, ಮೇಲಿನ ಎರಡು ಇಂಚು ಒಣಗಿದೆಯಾ ಅಂತ ಬೆರಳು ಇಟ್ಟು ನೋಡಿ ಹಾಕಿ.

ಗೊಬ್ಬರ?

ಮಾರ್ಚ್‌ನಲ್ಲಿ ಒಂದು ಸಲ, ಟೊಮ್ಯಾಟೊಗೆ ಹಾಕುವ ದ್ರವ ಗೊಬ್ಬರವನ್ನು ಅರ್ಧಕ್ಕೆ ತೆಳು ಮಾಡಿ. ಕೊಟ್ಟಿಗೆ ಗೊಬ್ಬರ ಬೇಡ. ಕೊಬ್ಬಿದ ಗಿಡ ಮೊದಲು ಕೊಳೆಯುತ್ತದೆ.

ಚಳಿಗಾಲದಲ್ಲಿ ಪ್ಲಾಸ್ಟಿಕ್ ಹೊದಿಸ್ಬೇಕಾ?

ಹೊದಿಸಬೇಡಿ, ಚಪ್ಪರ ಹಾಕಿ. ಎರಡಕ್ಕೂ ವ್ಯತ್ಯಾಸ ಇದೆ. ಹೊದಿಸಿದರೆ ಗಾಳಿ ಆಡದೆ ಒಳಗೆಲ್ಲ ಬೆವರಿ ಬೂಷ್ಟು ಹಿಡಿಯುತ್ತದೆ. ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆಯನ್ನು ನಾಲ್ಕು ಇಟ್ಟಿಗೆ ಕಂಬಗಳ ಮೇಲೆ ಸ್ವಲ್ಪ ಇಳಿಜಾರಾಗಿ ಇಡಿ, ನಾಲ್ಕೂ ಕಡೆ ತೆರೆದಿರಲಿ. ಗಾಳಿಗೆ ಹಾರದಂತೆ ಮೇಲೊಂದು ಕಲ್ಲು. ನಾನು ಅಕ್ಟೋಬರ್ ಕೊನೆಯಲ್ಲಿ ಇಟ್ಟು ಮಾರ್ಚ್‌ನಲ್ಲಿ ತೆಗೆಯುತ್ತೇನೆ. ನೆಟ್ಟಗಿನ ಗೋಡೆ ಸಂದಿನ ಗಿಡಗಳಿಗೆ ಇದೂ ಬೇಕಾಗಿಲ್ಲ. ಹಿಮ ಬಿದ್ದರೆ ತೆಗೆಯಲು ಹೋಗಬೇಡಿ. ಒಣ ಹಿಮ ಒಳ್ಳೆ ಕಂಬಳಿ, ಈ ಗಿಡಗಳ ತವರಿನಲ್ಲೂ ಅದೇ ಹೊದಿಕೆ.

ಹೂವೆಲ್ಲಾ ಮುಗೀತು, ಈಗ ಕತ್ತರಿಸ್ಬೇಕಾ?

ಬೀಜ ಬೇಡವಾದರೆ ಒಣಗಿದ ಕಾಂಡವನ್ನು ಒಂದು ಇಂಚು ಬಿಟ್ಟು ಕತ್ತರಿಸಿ. ಬುಡದಿಂದ ಎಳೆದು ಕೀಳಬೇಡಿ, ಗಾಯ ಕುತ್ತಿಗೆಯಲ್ಲೇ ಆಗುತ್ತದೆ. ಉಳಿದ ಮೋಟು ಕೆಲವು ವಾರದಲ್ಲಿ ಒಣಗಿ ತಾನಾಗೇ ಕಳಚುತ್ತದೆ. ಸತ್ತ ಕೆಳ ಎಲೆಗಳನ್ನೂ ಒಣಗಿದ ಮೇಲೆಯೇ ತೆಗೆಯಿರಿ. ಸೆಪ್ಟೆಂಬರ್‌ನಲ್ಲಿ ಕೆಲವು ಗಿಡ ಇನ್ನೊಂದು ಸುತ್ತು ಹೂ ಕೊಡುತ್ತವೆ. ಅದು ಬೋನಸ್.

ರಾತ್ರೋರಾತ್ರಿ ಎಲೆ ತೂತು ಮಾಡ್ತಿರೋದು ಯಾರು?

ಇಲ್ಲಿ ಹೆಚ್ಚಾಗಿ ಚಿಪ್ಪಿಲ್ಲದ ಬಸವನಹುಳ. ಹೂಮೊಗ್ಗು ಅಂದರೆ ಪ್ರಾಣ. ಸುತ್ತ ಚೂಪಾದ ಗ್ರಿಟ್ ಇದ್ದರೆ ಸ್ವಲ್ಪ ಹಿಂಜರಿಯುತ್ತವೆ, ಪೂರ್ತಿ ನಿಲ್ಲುವುದಿಲ್ಲ. ನಾನು ಟಾರ್ಚ್ ಹಿಡಿದು ರಾತ್ರಿ ಒಂಬತ್ತಕ್ಕೆ ಹೋಗಿ ಆರಿಸುತ್ತೇನೆ. ಜಾಸ್ತಿಯಾದರೆ ಐರನ್ ಫಾಸ್ಫೇಟ್ ಅನ್ನುವ ಹುಳದ ಮದ್ದಿನ ಕಾಳು ಉದುರಿಸುತ್ತೇನೆ. ಎಲೆಯ ಅಂಚು ಕಚ್ಚಿ ತಿಂದಂತಿದ್ದು, ಗಿಡವೂ ಬಾಡುತ್ತಿದ್ದರೆ ಬೇರು ಬಿಡಿಸಿ ನೋಡಿ. ವೈನ್ ವೀವಿಲ್ ಅನ್ನುವ ದುಂಬಿಯ ಬಿಳಿ ಮರಿಹುಳ ಬೇರು ತಿನ್ನುತ್ತಿರಬಹುದು. ಕುಂಡದಲ್ಲಿ ಇದರ ಕಾಟ ಹೆಚ್ಚು.

## ಸ್ವಲ್ಪ ಕೈ ಪಳಗಿದವರಿಗೆ

ಎಲೆ ಸುಕ್ಕಾಗಿದೆ. ಬಾಯಾರಿಕೆನಾ, ಕೊಳೆತನಾ?

ನನಗೆ ಬರುವ ಫೋಟೋಗಳಲ್ಲಿ ಅರ್ಧ ಇದೇ. ತೊಂದರೆ ಏನೆಂದರೆ ಎರಡೂ ಮೇಲಿಂದ ಒಂದೇ ಥರ ಕಾಣುತ್ತವೆ. ನೀರಿಲ್ಲದಿದ್ದರೂ ಎಲೆ ಸುಕ್ಕು, ಬೇರು ಕೊಳೆತು ನೀರು ಏರದಿದ್ದರೂ ಎಲೆ ಸುಕ್ಕು. ಎಲ್ಲರೂ ಬಾಯಾರಿಕೆ ಅಂತ ಇನ್ನಷ್ಟು ನೀರು ಹಾಕುತ್ತಾರೆ. ಫೋಟೋ ನೋಡಿ ನನಗೂ ಹೇಳಲಾಗದು, ಕೈಯೇ ಹೇಳಬೇಕು.

ಕುತ್ತಿಗೆ ಒತ್ತಿ. ಗಟ್ಟಿ ಇದ್ದರೆ ಬಾಯಾರಿಕೆ. ಒಂದು ಸಲ ನೀರು ಹಾಕಿದರೆ ಎರಡು ಮೂರು ದಿನದಲ್ಲಿ ಎಲೆ ಉಬ್ಬುತ್ತದೆ. ಮೆತ್ತಗಿದ್ದರೆ, ಅಥವಾ ಎಲೆಚಕ್ರ ಮೆಲ್ಲಗೆ ಅಲ್ಲಾಡಿಸಿದಾಗ ಗಾಣದ ಹಾಗೆ ಸುತ್ತಿದರೆ, ಕೊಳೆತ. ಕೂಡಲೇ ಮೇಲೆತ್ತಿ.

ಕೊಳೆತಿದೆ. ಉಳಿಸಬಹುದಾ?

ಹತ್ತರಲ್ಲಿ ನಾಲ್ಕು ನನಗೆ ಉಳಿದಿವೆ. ಗಿಡ ಕಿತ್ತು, ಮಣ್ಣು ತೊಳೆದು, ಹರಿತವಾದ ಚಾಕುವಿನಿಂದ ಕೊಳೆತ ಕಂದು ಭಾಗವನ್ನು ಕತ್ತರಿಸುತ್ತಾ ಹೋಗಿ. ಪ್ರತಿ ಸಲ ಚಾಕು ಸ್ಪಿರಿಟ್‌ನಲ್ಲಿ ಒರೆಸಿ. ಒಳಗೆ ಗಟ್ಟಿಯಾದ, ತಿಳಿ ಬಣ್ಣದ ತಿರುಳು ಕಾಣುವವರೆಗೆ ನಿಲ್ಲಬೇಡಿ. ಸಣ್ಣ ಕಂದು ಚುಕ್ಕೆ ಬಿಟ್ಟರೂ ಮತ್ತೆ ಹರಡುತ್ತದೆ. ಬೇರು ಪೂರ್ತಿ ಹೋದರೂ ಚಿಂತೆ ಇಲ್ಲ, ಕುತ್ತಿಗೆಯ ಒಂದು ತುಂಡು ಉಳಿದರೆ ಸಾಕು. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ನೆರಳಲ್ಲಿ ಒಂದು ವಾರ ಹಾಗೇ ಒಣಗಲು ಬಿಡಿ. ನೀರಿಲ್ಲದೆ ಒಂದು ವಾರವಾ ಅಂತ ಗಾಬರಿ ಬೇಡ, ಲೂಯಿಸ್‌ನ ಕಾಗದದ ನಡುವಿನ ಗಿಡ ನೆನಪಿಸಿಕೊಳ್ಳಿ. ಆಮೇಲೆ ಬರೀ ಪ್ಯೂಮಿಸ್‌ನಲ್ಲಿ ಕೂರಿಸಿ, ಹತ್ತು ದಿನ ಬಿಟ್ಟು ತುಸು ನೀರು. ಹೊಸ ಬೇರು ಬರಲು ಒಂದೆರಡು ತಿಂಗಳು ಬೇಕಾಗಬಹುದು.

ಬೀಜ ಹಾಕಿ ಆರು ವಾರ ಆಯ್ತು, ಒಂದೂ ಮೊಳೆತಿಲ್ಲ!

ಮನೆ ಒಳಗೆ ಬೆಚ್ಚಗೆ ಇಟ್ಟಿದ್ದೀರಿ, ಅಲ್ವಾ? ಚಳಿಗಾಲ ಕಳೆಯಿತು ಅಂತ ಖಾತ್ರಿಯಾಗದೆ ಈ ಬೀಜ ಕಣ್ಣು ಬಿಡುವುದಿಲ್ಲ. ಸುಲಭದ ದಾರಿ ಅಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ಕುಂಡದಲ್ಲಿ ಬಿತ್ತಿ, ಮೇಲೆ ತೆಳುವಾಗಿ ಗ್ರಿಟ್ ಉದುರಿಸಿ, ಹೊರಗೆ ಮಳೆ ಬೀಳದ ಕಡೆ ಇಟ್ಟು ಮರೆತುಬಿಡುವುದು. ಕುಂಡ ಒಣಗದಂತೆ ಆಗಾಗ ನೋಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಮೊಳೆಯುತ್ತದೆ. ತಡವಾಗಿ ನೆನಪಾದರೆ ಒದ್ದೆ ಟಿಶ್ಯೂ ಕಾಗದದಲ್ಲಿ ಬೀಜ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ ಆರರಿಂದ ಎಂಟು ವಾರ ಇಡಿ. ಚೀಲದ ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನಮ್ಮ ಮನೆಯಲ್ಲಿ ಒಂದು ಸಲ ಸಾಸಿವೆ ಅಂತ ಒಗ್ಗರಣೆಗೆ ಹೋಗುವುದರಲ್ಲಿತ್ತು.

ಬೀಜದ ಗಿಡ ಹೂ ಬಿಡಲು ಎರಡು ಮೂರು ವರ್ಷ. ಮಿಶ್ರತಳಿಯ ಬೀಜದಿಂದ ತಾಯಿಯ ಬಣ್ಣವೇ ಬರುತ್ತದೆ ಅಂತ ಹೇಳಲಾಗದು. ನನ್ನ ಕಿತ್ತಳೆ ಗಿಡದ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಗುಲಾಬಿ. ಬಗೆಬಗೆಯ ಬೀಜ ಬೇಕಿದ್ದರೆ ನಾರ್ತ್ ಅಮೆರಿಕನ್ ರಾಕ್ ಗಾರ್ಡನ್ ಸೊಸೈಟಿ ಅನ್ನುವ ಸಂಘ ಇದೆ, 1934ರಲ್ಲಿ ಶುರುವಾದದ್ದು. ಸದಸ್ಯರ ನಡುವೆ ಪ್ರತಿ ವರ್ಷ ಬೀಜ ಹಂಚಿಕೆ ನಡೆಸುತ್ತದೆ.

ಮರಿ ಯಾವಾಗ ಬಿಡಿಸ್ಲಿ? ಅದೇ ಬಣ್ಣ ಬರುತ್ತಾ?

ಬರುತ್ತದೆ, ಮರಿ ಅಂದರೆ ಅದೇ ಗಿಡ. ಹೂ ಮುಗಿದ ಕೂಡಲೇ, ಜೂನ್ ಕೊನೆಯಲ್ಲಿ, ತಾಯಿಯ ಪಕ್ಕದ ಸಣ್ಣ ಎಲೆಚಕ್ರವನ್ನು ಕುತ್ತಿಗೆಯ ತುಂಡಿನ ಸಮೇತ ಕೊಯ್ಯಿರಿ. ಮೂರು ನಾಲ್ಕು ದಿನ ಗಾಯ ಒಣಗಿಸಿ ಪ್ಯೂಮಿಸ್‌ನಲ್ಲಿ ನೆಡಿ. ತಾಯಿಯ ಗಾಯಕ್ಕೂ ನೀರು ಬೀಳಬಾರದು, ಹಾಗಾಗಿ ಮುಂದಿನ ಒಂದು ವಾರ ಮಳೆ ಇಲ್ಲ ಅಂತ ನೋಡಿಕೊಂಡು ಮಾಡಿ. ಎಲ್ಲ ಗಿಡವೂ ಮರಿ ಹಾಕುವುದಿಲ್ಲ. ಮರಿ ಸಣ್ಣದಿದ್ದರೆ ಇನ್ನೊಂದು ವರ್ಷ ತಾಯಿಯ ಹತ್ತಿರವೇ ಬಿಡಿ.

ಬೆಟ್ಟಕ್ಕೆ ಹೋದಾಗ ಒಂದು ಕಿತ್ಕೊಂಡು ಬರ್ಬಹುದಾ?

ಬೇಡ. ಅಲ್ಲಿಯ ಬಹುಪಾಲು ಜಾಗ ಸರಕಾರಿ ಕಾಡು, ಅನುಮತಿ ಇಲ್ಲದೆ ಕೀಳುವುದು ತಪ್ಪು. ಅದೂ ಅಲ್ಲದೆ ಬಂಡೆಯ ಬಿರುಕಿನಿಂದ ಬೇರು ಪೂರ್ತಿ ಬರುವುದೇ ಇಲ್ಲ. ಕಿತ್ತ ಗಿಡ ನಿಮ್ಮ ಮನೆಗೆ ಬರುವ ಹೊತ್ತಿಗೆ ಅರ್ಧ ಸತ್ತಿರುತ್ತದೆ. ಫೋಟೋ ತೆಗೆದುಕೊಂಡು ಬನ್ನಿ. ಬಂಡೆ ಯಾವ ದಿಕ್ಕಿಗಿದೆ, ಗಿಡ ಎಷ್ಟು ವಾಲಿದೆ ಅಂತ ನೋಡಿಕೊಂಡು ಬಂದರೆ ಅದೇ ದೊಡ್ಡ ಲಾಭ.

ಕಾಟಿಲೀಡನ್ ಚೆನ್ನಾಗಿ ಬಂತು. ಮುಂದೆ ಯಾವುದು ಪ್ರಯತ್ನಿಸ್ಲಿ?

ಲಿಟಲ್ ಪ್ಲಮ್ ಅನ್ನುವ ಕುಳ್ಳ ಮಿಶ್ರತಳಿ ತನ್ನಿ, ಅಂಗೈಯಗಲದ ಗಿಡ, ಗಟ್ಟಿಮುಟ್ಟು. ಆಮೇಲೆ ಲೂಯಿಸಿಯಾ ಕೊಲಂಬಿಯಾನಾ. ಕೊಲಂಬಿಯಾ ನದಿಯ ಹೆಸರು ಅದಕ್ಕೆ. ಹೂ ಚಿಕ್ಕದು, ಮೋಡದ ಹಾಗೆ ತುಂಬುತ್ತದೆ, ನಮ್ಮ ಮಳೆಯನ್ನು ಕಾಟಿಲೀಡನ್‌ಗಿಂತ ಚೆನ್ನಾಗಿ ತಡೆಯುತ್ತದೆ ಅನ್ನುವುದು ನನ್ನ ಅನುಭವ. ವಾಷಿಂಗ್ಟನ್ ರಾಜ್ಯದ ವೆನಾಚಿ ಬೆಟ್ಟದ ಟ್ವೀಡಿಯೈ ಹೂವು ಏಪ್ರಿಕಾಟ್ ಬಣ್ಣ, ನೋಡಿದರೆ ಆಸೆ ಆಗುತ್ತದೆ. ನಾನು ಎರಡು ಕೊಂದೆ, ಈಗ ಮೂರನೆಯದು ಕುಂಡದಲ್ಲಿ ಸೂರಿನ ಕೆಳಗಿದೆ.

ಎಲ್ಲಕ್ಕಿಂತ ಕಷ್ಟ ರೆಡಿವೈವಾ. ಅದರ ಎಲೆ ಚಳಿಗಾಲದಲ್ಲಿ ಬೆಳೆದು, ಹೂ ಅರಳುವ ಹೊತ್ತಿಗೆ ಬಾಡುತ್ತದೆ. ಬೊಗಸೆಯಂಥ ಹೂವು ಬರೀ ನೆಲದಿಂದ ಎದ್ದ ಹಾಗಿರುತ್ತದೆ. ಆಮೇಲೆ ಗಿಡವೇ ಮಾಯ. ಬೇಸಿಗೆ ಪೂರ್ತಿ ಒಂದು ಹನಿ ನೀರು ಬೀಳಬಾರದು. ಕುಂಡದಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಮನೆಯವರು ಖಾಲಿ ಕುಂಡ ಅಂದುಕೊಂಡು ಕೊತ್ತಂಬರಿ ಬಿತ್ತಿಬಿಡುತ್ತಾರೆ. ಹೆಸರಿನ ಪಟ್ಟಿ ಸಿಕ್ಕಿಸಿ, ಮೇಲೆ ಒಂದು ಕಲ್ಲು ಇಟ್ಟು, ಅಕ್ಟೋಬರ್ ತನಕ ಕಾಯಿರಿ.